ಹನ್ನೊಂದು ವರ್ಷದ ಜಗಳ

"ಅಮ್ಮಾ, ಯಾರ ಹತ್ರ ಜಗಳ ಆಡ್ತಿದ್ದೀಯ?"

ಪಾತ್ರೆ ತೊಳೆಯುತ್ತಿದ್ದೆ. ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೇನೆ ಅಂದುಕೊಂಡಿದ್ದೆ. ತಿರುಗಿ ನೋಡಿದರೆ ಮಗಳು ಬಾಗಿಲಿಗೆ ಒರಗಿ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಯಾರ ಹತ್ರಾನೂ ಇಲ್ವಲ್ಲ" ಅಂದೆ.

"ತುಟಿ ಅಲ್ಲಾಡ್ತಿತ್ತು. ಹುಬ್ಬು ಗಂಟಿಕ್ಕಿದ್ದೆ. ಒಂದ್ಸಲ ಸೌಟು ಬೇರೆ ಎತ್ತಿದೆ."

ಸಿಕ್ಕಿಬಿದ್ದೆ. ನಿಜ ಹೇಳಬೇಕೆಂದರೆ, ನಾನು ಜಗಳ ಆಡುತ್ತಿದ್ದದ್ದು ಹಳೇ ಆಫೀಸಿನ ಹಿರಿಯರೊಬ್ಬರ ಜೊತೆ. ಒಂದು ದಿನ ಮೀಟಿಂಗಿನಲ್ಲಿ ಎಲ್ಲರೆದುರು ಅವರು, "ಇಷ್ಟು ಸಣ್ಣ ಕೆಲಸಕ್ಕೂ ನಿಮಗೆ ಹೇಳಿಕೊಡಬೇಕಾ?" ಅಂದಿದ್ದರು. ಆಗ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ತಲೆ ತಗ್ಗಿಸಿ ಕೂತಿದ್ದೆ. ಅದಾಗಿ 11 ವರ್ಷ ಆಯಿತು. ಅವತ್ತು ಆಡದ ಮಾತನ್ನು ಅವತ್ತಿನಿಂದ ಆಡುತ್ತಲೇ ಇದ್ದೇನೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಸ್ನಾನ ಮಾಡುವಾಗ. ಮೊದಮೊದಲು ಎರಡು ಸಾಲಿನ ಉತ್ತರ ಇತ್ತು. ಈಗ ಅದು ಬೆಳೆದು ಭಾಷಣವೇ ಆಗಿದೆ. ನಡುವೆ ಅವರು ಏನನ್ನುತ್ತಾರೆ, ಅದಕ್ಕೆ ನಾನೇನನ್ನುತ್ತೇನೆ, ಎಲ್ಲವೂ ಬಾಯಿಪಾಠ. ಕೊನೆಗೆ ಅವರು ತಲೆ ತಗ್ಗಿಸುತ್ತಾರೆ. ಪ್ರತಿ ಸಲವೂ ನಾನೇ ಗೆಲ್ಲುತ್ತೇನೆ. ಆದರೂ ಮಾರನೇ ದಿನ ಮತ್ತೆ ಮೊದಲಿಂದ ಶುರು.

ಆ ಮನುಷ್ಯರಿಗೆ ಈ ವಿಷಯ ನೆನಪಿರುವುದೂ ಅನುಮಾನ.

ನಮ್ಮಲ್ಲಿ ಅಭ್ಯಾಸ ಅನ್ನುವ ಪದ ಎರಡು ಕೆಲಸ ಮಾಡುತ್ತದೆ. ಉಗುರು ಕಚ್ಚುವುದೂ ಅಭ್ಯಾಸವೇ, ಕೂತು ಸಂಗೀತ ಕಲಿಯುವುದೂ ಅಭ್ಯಾಸವೇ. ಅವತ್ತು ರಾತ್ರಿ ಮಲಗಿದಾಗ ಇದೇ ತಲೆಯಲ್ಲಿ ಸುತ್ತುತ್ತಿತ್ತು. 11 ವರ್ಷ ದಿನಕ್ಕೆ ಅರ್ಧ ಗಂಟೆ ವೀಣೆ ಹಿಡಿದಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಜನರ ಎದುರು ಕೂತು ನುಡಿಸಬಹುದಿತ್ತು. ನಾನು ಹಿಡಿದದ್ದು ಜಗಳ. ಅದರಲ್ಲಿ ವಿದ್ವತ್ತು ಬಂದಿದೆ.

ಖುಷಿಗೆ ಅಡ್ಡ ಬರುವ ಅಭ್ಯಾಸ ಅಂದ ಕೂಡಲೇ ನಮಗೆ ಹೊಳೆಯುವುದು ಕಣ್ಣಿಗೆ ಕಾಣುವಂಥವು. ತಡವಾಗಿ ಏಳುವುದು, ಫೋನು ಹಿಡಿದೇ ಕೂರುವುದು, ಸಿಗರೇಟು. ಅವುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಜಾಸ್ತಿ ತಿಂದದ್ದು ತಲೆಯೊಳಗೆ ನಡೆಯುವ, ಹೊರಗೆ ಯಾರಿಗೂ ಕಾಣದ ಅಭ್ಯಾಸಗಳು. ತುಟಿ ಅಲ್ಲಾಡದಿದ್ದರೆ ಮಗಳಿಗೂ ಗೊತ್ತಾಗುತ್ತಿರಲಿಲ್ಲ.

ಈ ಅಭ್ಯಾಸಕ್ಕೆ ಸರಿಯಾಗಿ ಹೊಂದುವ ಪದ ಕನ್ನಡದಲ್ಲಿದೆ. ಆದರೆ ನಾವದನ್ನು ಸಿಹಿ ಸಂಗತಿಗಳಿಗೆ ಮೀಸಲಿಟ್ಟುಬಿಟ್ಟಿದ್ದೇವೆ. ಮೆಲುಕು. ಬಾಲ್ಯದ ನೆನಪು ಮೆಲುಕು ಹಾಕುತ್ತೇವೆ, ಹಳೇ ಗೆಳೆಯರು ಸಿಕ್ಕರೆ ಕಾಲೇಜಿನ ದಿನಗಳನ್ನು ಮೆಲುಕು ಹಾಕುತ್ತೇವೆ. ಅವಮಾನ ಮೆಲುಕು ಹಾಕಿದೆ ಅಂತ ಯಾರೂ ಹೇಳುವುದಿಲ್ಲ. ಆದರೆ ದಿನದ ಲೆಕ್ಕ ತೆಗೆದರೆ ಹಾಕಿದ್ದು ಅದನ್ನೇ ಜಾಸ್ತಿ. ಮನಃಶಾಸ್ತ್ರದವರು ಇದನ್ನು ರೂಮಿನೇಷನ್ ಅನ್ನುತ್ತಾರೆ. ಆ ಪದದ ಬೇರಿನಲ್ಲೂ ಮೆಲುಕು ಹಾಕುವ ದನವೇ ಇದೆ. ದನವಾದರೋ ಅರಗಿಸಿಕೊಳ್ಳಲಿಕ್ಕೆ ಮೆಲುಕು ಹಾಕುತ್ತದೆ. ನಾವು ಜಗಿದಷ್ಟೂ ಅದು ಬಾಯಲ್ಲೇ ಇರುತ್ತದೆ.

ಇದನ್ನು ಜೀವನವಿಡೀ ಅಧ್ಯಯನ ಮಾಡಿದವರು ಅಮೆರಿಕದ ಸೂಸನ್ ನೋಲೆನ್-ಹೊಕ್ಸೆಮಾ. ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನಾವಳಿ ಕೊಟ್ಟಿದ್ದರು. ಬೇಜಾರಾದಾಗ ಏನು ಮಾಡುತ್ತೀರಿ, ಅದನ್ನೇ ಯೋಚಿಸುತ್ತಾ ಕೂರುತ್ತೀರಾ, ಬೇರೆ ಕೆಲಸ ಹುಡುಕುತ್ತೀರಾ, ಹೀಗೆ. ಇದಾಗಿ ಎರಡು ವಾರಕ್ಕೆ, 1989ರ ಅಕ್ಟೋಬರ್ 17ರಂದು, ಆ ಭಾಗದಲ್ಲಿ ಲೋಮಾ ಪ್ರಿಯೆಟಾ ಭೂಕಂಪ ಆಯಿತು. ಯಾರೂ ಯೋಜಿಸದೆ ಒಂದು ಪರೀಕ್ಷೆ ತಾನಾಗಿ ನಡೆದುಹೋಯಿತು. ಅದೇ ವಿದ್ಯಾರ್ಥಿಗಳನ್ನು ಹತ್ತು ದಿನದ ನಂತರ ಒಮ್ಮೆ, ಏಳು ವಾರದ ನಂತರ ಒಮ್ಮೆ ವಿಚಾರಿಸಿದರು. ಮೊದಲೇ ಮೆಲುಕು ಹಾಕುವ ರೂಢಿ ಇದ್ದವರಲ್ಲಿ ಖಿನ್ನತೆಯ ಲಕ್ಷಣ ಜಾಸ್ತಿ ಉಳಿದಿತ್ತು. ನೆಲ ನಡುಗಿದ್ದು ಕೆಲವೇ ಸೆಕೆಂಡು. ಒಳಗಿನ ನಡುಕ ನಿಲ್ಲಲು ಬಿಡದಿದ್ದದ್ದು ಅಭ್ಯಾಸ.

ಸರಿ, ಗೊತ್ತಾಯಿತು, ಬಿಟ್ಟುಬಿಡೋಣ ಅಂದುಕೊಂಡೆ. ನಾಳೆಯಿಂದ ಆ ಮೀಟಿಂಗಿನ ಬಗ್ಗೆ ಯೋಚಿಸುವುದೇ ಇಲ್ಲ. ನೀವು ಯಾವತ್ತಾದರೂ ಹೀಗೆ ಶಪಥ ಮಾಡಿದ್ದರೆ ಮುಂದಿನದು ನಿಮಗೇ ಗೊತ್ತು. ಮಾರನೇ ದಿನ ಹಲ್ಲುಜ್ಜುವಾಗಲೇ ಆ ಮನುಷ್ಯರು ಹಾಜರ್. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನುವವರು ಜನರನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಮಾತ್ರ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಹೊಡೆಯಿರಿ ಅಂದಿದ್ದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ, ಈಗ ಯೋಚಿಸಬಹುದು ಅಂದಾಗ, ಮೊದಲಿಂದಲೂ ಯೋಚಿಸಲು ಅನುಮತಿ ಇದ್ದವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. ನನ್ನ ಬಿಳಿ ಕರಡಿ ಕನ್ನಡಕ ಹಾಕಿಕೊಂಡು ಫೈಲು ಹಿಡಿದಿತ್ತು, ಅಷ್ಟೇ ವ್ಯತ್ಯಾಸ.

ಕೊನೆಗೆ ಕೆಲಸಕ್ಕೆ ಬಂದದ್ದು ಒಂದು ಹಳೇ ನೋಟ್‌ಬುಕ್. ಜೇಮ್ಸ್ ಪೆನ್‌ಬೇಕರ್ ಅನ್ನುವ ಮನಃಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಮನಸ್ಸಿಗೆ ಘಾಸಿ ಮಾಡಿದ ಸಂಗತಿಯನ್ನು ನಾಲ್ಕು ದಿನ, ದಿನಕ್ಕೆ 15 ನಿಮಿಷ, ಎಡೆಬಿಡದೆ ಬರೆಯುವುದು. ಬರೆದ ಕೂಡಲೇ ಹಗುರ ಆಗುತ್ತದೆ ಅಂದುಕೊಳ್ಳಬೇಡಿ. ಬರೆದವರಿಗೆ ಆ ಹೊತ್ತಿಗೆ ಇನ್ನೂ ಬೇಜಾರೇ ಆಗಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ ಹತ್ತಿರ ಹೋದದ್ದು ಕಮ್ಮಿ.

ನಾನೂ ಕೂತೆ. ಮೊದಲ ದಿನ ಪೂರ್ತಿ ಬೈಗುಳ. ಎರಡನೇ ದಿನವೂ ಬೈಗುಳವೇ, ಆದರೆ ಅರ್ಧಕ್ಕೆ ಬರುವಷ್ಟರಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದೇನೆ ಅನ್ನಿಸಿ ನನಗೇ ಬೋರಾಯಿತು. ತಲೆಯೊಳಗೆ ಸುತ್ತುವಾಗ ಹೀಗೆ ಬೋರಾಗುವುದಿಲ್ಲ ನೋಡಿ. ಅಲ್ಲಿ ಪ್ರತಿ ಸಲವೂ ಹೊಸ ಜಗಳದ ಥರವೇ ಇರುತ್ತದೆ. ಕಾಗದದ ಮೇಲೆ ನಿನ್ನೆಯ ಸಾಲು ಎದುರಿಗೇ ಇರುತ್ತದೆ. ಮೂರನೇ ದಿನ ಪೆನ್ನು ತಾನಾಗಿ ಬೇರೆ ಕಡೆ ತಿರುಗಿತು. ಆ ಕೆಲಸವನ್ನು ನಾನು ನಿಜವಾಗಿಯೂ ತಪ್ಪಾಗಿ ಮಾಡಿದ್ದೆ. ಎರಡು ಸಲ. ಅವರು ಎಲ್ಲರೆದುರು ಹೇಳಿದ್ದು ತಪ್ಪೇ, ಅದರಲ್ಲಿ ಇವತ್ತಿಗೂ ನನಗೆ ಅನುಮಾನ ಇಲ್ಲ. ಆದರೆ ಇಷ್ಟು ವರ್ಷದ ನನ್ನ ಭಾಷಣದಲ್ಲಿ ನನ್ನ ತಪ್ಪಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾಲ್ಕನೇ ದಿನ ಬರೆಯಲು ಜಾಸ್ತಿ ಏನೂ ಸಿಗಲಿಲ್ಲ. ಅರ್ಧ ಪುಟಕ್ಕೆ ನಿಂತಿತು.

ಇನ್ನೊಂದು ಅಭ್ಯಾಸ ಇದೆ. ಅದು ಜಗಳಕ್ಕಿಂತ ಸಭ್ಯ. ಹೊರಗಿನವರಿಗೆ ಜವಾಬ್ದಾರಿಯ ಥರ ಕಾಣುತ್ತದೆ. "ಇದೊಂದು ಮುಗೀಲಿ" ಅನ್ನುವುದು.

ಇದೊಂದು ಪರೀಕ್ಷೆ ಮುಗಿದುಬಿಟ್ಟರೆ ಸಾಕು. ಇದೊಂದು ಸಾಲ ತೀರಿಬಿಟ್ಟರೆ ನೆಮ್ಮದಿ. ಮಗಳು ಸ್ವಲ್ಪ ದೊಡ್ಡವಳಾಗಿಬಿಟ್ಟರೆ ಆಮೇಲೆ ಕೂತು ಓದಬಹುದು, ಹಳೇ ಗೆಳತಿಗೆ ಫೋನ್ ಮಾಡಬಹುದು, ಬೆಳಗ್ಗೆ ನಡೆಯಲು ಹೋಗಬಹುದು. ನನ್ನ ಜೀವನದಲ್ಲಿ ಈ 'ಇದೊಂದು' ಎಷ್ಟು ಸಲ ಬಂದಿದೆ ಅಂತ ಒಮ್ಮೆ ಎಣಿಸಲು ಹೋಗಿ ಹದಿನಾಲ್ಕಕ್ಕೆ ನಿಲ್ಲಿಸಿದೆ. ಎಲ್ಲವೂ ಮುಗಿದವು. ಮುಗಿದ ದಿನ ಸಂಜೆ ಒಂದೆರಡು ಗಂಟೆ ಖುಷಿ ಇತ್ತು. ಬೆಳಗಾಗುವುದರೊಳಗೆ ಮುಂದಿನ 'ಇದೊಂದು' ಬಂದು ಬಾಗಿಲಲ್ಲಿ ನಿಂತಿತ್ತು.

ಲಾಟರಿ ಗೆದ್ದವರ ಅಧ್ಯಯನದ ಬಗ್ಗೆ ನೀವು ಕೇಳಿರಬಹುದು. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಜೊತೆಗಾರರು ದೊಡ್ಡ ಮೊತ್ತ ಗೆದ್ದ 22 ಜನರನ್ನು ಮಾತಾಡಿಸಿದರು. ಗೆದ್ದವರು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಖುಷಿಯಾಗಿರಲಿಲ್ಲ. ಇದನ್ನು ಹಿಡಿದುಕೊಂಡು 'ದುಡ್ಡಿನಿಂದ ಸುಖ ಇಲ್ಲ' ಅಂತ ಪ್ರವಚನ ಕೊಡುವವರು ಇವತ್ತಿಗೂ ಇದ್ದಾರೆ. ಅದು ಚಿಕ್ಕ ಅಧ್ಯಯನ. ಆಮೇಲೆ ಸ್ವೀಡನ್ನಿನಲ್ಲಿ ಸಾವಿರಾರು ಜನರನ್ನು ನೋಡಿದಾಗ, ದೊಡ್ಡ ಬಹುಮಾನ ಗೆದ್ದವರಿಗೆ ತಮ್ಮ ಬದುಕಿನ ಬಗ್ಗೆ ತೃಪ್ತಿ ಜಾಸ್ತಿ ಇದ್ದದ್ದೂ, ಅದು ವರ್ಷಗಟ್ಟಲೆ ಉಳಿದದ್ದೂ ಕಂಡಿದೆ. ದುಡ್ಡು ಬೇಕೇ ಬೇಕು, ಅದರಲ್ಲಿ ನಾಚಿಕೆ ಏನಿದೆ? 1978ರ ಆ ಅಧ್ಯಯನದಲ್ಲಿ ನನಗೆ ಹಿಡಿಸಿದ್ದು ಜನ ಅಷ್ಟಾಗಿ ಹೇಳದ ಇನ್ನೊಂದು ಸಂಗತಿ. ಗೆಳೆಯರೊಡನೆ ಮಾತಾಡುವುದು, ಒಂದು ಜೋಕು ಕೇಳುವುದು, ಪತ್ರಿಕೆ ಓದುವುದು, ಇಂಥ ಸಣ್ಣ ಸಣ್ಣ ಸಂಗತಿಗಳಲ್ಲಿ ಸಿಗುವ ಖುಷಿ ಗೆದ್ದವರಿಗೆ ಕಮ್ಮಿಯಾಗಿತ್ತು.

ನಾನು ಲಾಟರಿ ಗೆಲ್ಲದೆಯೇ ಆ ಸ್ಥಿತಿ ತಲುಪಿದ್ದೆ. ಕಳೆದ ವರ್ಷ ಒಂದು ಸಂಜೆ, ಎಷ್ಟೋ ದಿನದ ಮೇಲೆ ಬಂದ ಗೆಳತಿಯ ಜೊತೆ ಕೂತಿದ್ದೆ. ಅವಳು ಏನೋ ಹೇಳುತ್ತಿದ್ದಳು. ನಾನು ಹ್ಞೂಂ ಹ್ಞೂಂ ಅನ್ನುತ್ತಾ ಇದ್ದೆ. ತಲೆಯಲ್ಲಿ ಕಳಿಸಬೇಕಾದ ಒಂದು ಮೇಲ್ ಓಡುತ್ತಿತ್ತು. ಅವಳು ಮಾತು ನಿಲ್ಲಿಸಿ, "ಹೋಗೇ, ಏನದು ಮುಗಿಸ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ" ಅಂದಳು. ಸಿಟ್ಟಿನಿಂದ ಅಂದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ 2,250 ಜನರನ್ನು ಫೋನಿನ ಮೂಲಕ ಆಗಾಗ ಕೇಳಿ ನೋಡಿದ್ದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗನ್ನಿಸುತ್ತಿದೆ? ಸುಮಾರು 47% ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಹಾಗೆ ಅಲೆಯುವಾಗ ಜನ ಅಷ್ಟು ಖುಷಿಯಾಗಿಯೂ ಇರಲಿಲ್ಲ. ಒಳ್ಳೆಯದನ್ನೇ ಕಲ್ಪಿಸಿಕೊಳ್ಳುತ್ತಿದ್ದವರೂ ಸಹ, ಕೈಯಲ್ಲಿರುವ ಕೆಲಸದಲ್ಲೇ ಇದ್ದವರಿಗಿಂತ ಜಾಸ್ತಿ ಖುಷಿ ಪಡಲಿಲ್ಲ.

ಈಗ ನಾನು ಒಂದು ಸಣ್ಣ ಉಪಾಯ ಮಾಡುತ್ತೇನೆ. ಬಾಕಿ ಕೆಲಸ ತಲೆ ತಿನ್ನುತ್ತಿದ್ದರೆ ಯಾವಾಗ, ಎಲ್ಲಿ ಕೂತು, ಮೊದಲು ಯಾವ ತುಂಡು ಮಾಡುತ್ತೇನೆ ಅಂತ ಒಂದು ಚೀಟಿಯಲ್ಲಿ ಬರೆದಿಡುತ್ತೇನೆ. 'ನಾಳೆ 10 ಗಂಟೆ, ಮೇಲ್, ಮೊದಲ ಪ್ಯಾರಾ.' ಇಷ್ಟೇ. ಕೆಲಸ ಮುಗಿಯದಿದ್ದರೂ ಸ್ಪಷ್ಟವಾದ ಯೋಜನೆ ಇದ್ದರೆ ಅದು ಮನಸ್ಸನ್ನು ಪೀಡಿಸುವುದು ಕಮ್ಮಿ ಅಂತ 2011ರ ಒಂದು ಸಂಶೋಧನೆ ತೋರಿಸಿದೆ. ಚೀಟಿ ಬರೆಯಲು ಒಂದು ನಿಮಿಷ. ಗೆಳತಿ ಮುಂದಿನ ಸಲ ಬಂದಾಗ ನನ್ನ ಜೇಬಲ್ಲಿ ಚೀಟಿ ಇತ್ತು. ಅವಳಿಗೆ ಹೇಳಲಿಲ್ಲ.

ಹೋಲಿಕೆ ಮಾಡಿಕೊಳ್ಳುವ ಅಭ್ಯಾಸದ ಬಗ್ಗೆ ನನಗೆ ಹೇಳಲು ಜಾಸ್ತಿ ಇಲ್ಲ, ಯಾಕೆಂದರೆ ಅದನ್ನು ಬಿಟ್ಟಿಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಆ ಗಾದೆ ಮಾಡಿದವರ ಕಾಲದಲ್ಲಿ ಬೆಟ್ಟ ದೂರ ಇತ್ತು. ಈಗ ಹಾಸಿಗೆಯ ಪಕ್ಕದಲ್ಲೇ, ಫೋನಿನ ಒಳಗೆ, ನೂರಾರು ಬೆಟ್ಟ ಒಂದರ ಹಿಂದೆ ಒಂದು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಗೆದ್ದವರ ಮುಖಗಳನ್ನು ವಿಡಿಯೋದಲ್ಲಿ ನೋಡಿ, ಎಷ್ಟು ಖುಷಿ ಕಾಣುತ್ತಿದೆ ಅಂತ ಅಂಕ ಕೊಟ್ಟ ಒಂದು ಅಧ್ಯಯನ ಇದೆ. ಫಲಿತಾಂಶ ಗೊತ್ತಾದ ಕ್ಷಣದಲ್ಲಿ ಕಂಚು ಗೆದ್ದವರಿಗೆ ಹತ್ತಕ್ಕೆ 7.1, ಬೆಳ್ಳಿ ಗೆದ್ದವರಿಗೆ 4.8. ಬೆಳ್ಳಿಯವರು ಚಿನ್ನದ ಕಡೆ ನೋಡುತ್ತಾರೆ, ಕಂಚಿನವರು ಬರಿಗೈಯಲ್ಲಿ ಹೋದವರ ಕಡೆ. ಇದನ್ನು ಓದಿ 'ಹಾಗಾದರೆ ಕೆಳಗೆ ನೋಡು' ಅಂತ ಬುದ್ಧಿ ಹೇಳುವುದು ಸುಲಭ. ಬೇರೆಯವರ ಕಷ್ಟ ನೋಡಿ ನಮ್ಮದು ವಾಸಿ ಅಂದುಕೊಳ್ಳುವುದು ನನಗೇನೋ ಸರಿ ಕಾಣುವುದಿಲ್ಲ. ಫೋನನ್ನು ರಾತ್ರಿ ಬೇರೆ ಕೋಣೆಯಲ್ಲಿ ಇಡುತ್ತೇನೆ. ಅಷ್ಟೇ ಮಾಡಿದ್ದು. ಬೆಟ್ಟ ನೋಡಬೇಕಿದ್ದರೆ ಎದ್ದು ಹೋಗಬೇಕು. ಹೆಚ್ಚಿನ ದಿನ ಸೋಮಾರಿತನವೇ ಗೆಲ್ಲುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಎಲ್ಲ ದುಃಖವೂ ಅಭ್ಯಾಸದಿಂದ ಬರುವುದಿಲ್ಲ. ಮನೆಯಲ್ಲಿ ಹೊಡೆಯುವವರು ಇದ್ದರೆ, ತಿಂಗಳ ಕೊನೆಗೆ ಕೈ ಖಾಲಿಯಾದರೆ, ಹತ್ತಿರದವರು ತೀರಿಕೊಂಡರೆ, ಅದಕ್ಕೆ ಚೀಟಿ ಬರೆದು ಏನೂ ಆಗುವುದಿಲ್ಲ. ವಾರಗಟ್ಟಲೆ ಏಳಲಿಕ್ಕೇ ಮನಸ್ಸಾಗದೆ, ಯಾವುದರಲ್ಲೂ ಆಸೆ ಇಲ್ಲದೆ, ನಿದ್ದೆ ಊಟ ಎಲ್ಲ ಏರುಪೇರಾದರೆ ಅದು ಕಾಯಿಲೆ ಇರಬಹುದು. ಅದಕ್ಕೆ ಡಾಕ್ಟರಿದ್ದಾರೆ, ಔಷಧಿ ಇದೆ. ಅಂಥವರ ಎದುರು 'ಪಾಸಿಟಿವ್ ಆಗಿ ಯೋಚಿಸು' ಅನ್ನುವ ಅಭ್ಯಾಸವನ್ನು ಮಾತ್ರ ನಾವು ಆದಷ್ಟು ಬೇಗ ಬಿಡಬೇಕು. ನಾನೂ ಒಬ್ಬರಿಗೆ ಹಾಗೆ ಹೇಳಿದ್ದೆ. ಅವರು ಆಮೇಲೆ ನನ್ನ ಹತ್ತಿರ ಏನನ್ನೂ ಹೇಳಿಕೊಳ್ಳಲಿಲ್ಲ.

ಇನ್ನು ಬಿಡಲಿಕ್ಕೆ ಎಷ್ಟು ದಿನ ಬೇಕು ಅನ್ನುವ ಪ್ರಶ್ನೆ. 21 ದಿನ ಅನ್ನುವ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಅದರ ಮೂಲ ತಮಾಷೆಯಾಗಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಮ್ಮಿ ಅಂದರೂ 21 ದಿನ ಬೇಕು ಅಂತ 1960ರಲ್ಲಿ ಬರೆದಿದ್ದರು. ಹೋಗ್ತಾ ಹೋಗ್ತಾ 'ಕಮ್ಮಿ ಅಂದರೂ' ಉದುರಿಹೋಯಿತು, ಮುಖವೂ ಉದುರಿತು, 21 ಮಾತ್ರ ಉಳಿಯಿತು. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದಾಗ, ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಬೇಕು ಅಂತ ಲೆಕ್ಕ ಸಿಕ್ಕಿತು. ಕೆಲವರಿಗೆ 18 ದಿನ ಸಾಕಿತ್ತು, ಕೆಲವರ ಅಂದಾಜು 254ರ ತನಕ ಹೋಗಿತ್ತು. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ಅದೂ ಹೊಸದನ್ನು ಹಿಡಿಯುವ ಲೆಕ್ಕ. ಹಳೆಯದನ್ನು ಬಿಡುವ ಲೆಕ್ಕ ಬೇರೆಯೇ.

ಯಾಕೆಂದರೆ ಹಳೆಯದು ಹೋಗುವುದೇ ಇಲ್ಲವೇನೋ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಆನ್ ಗ್ರೇಬಿಯಲ್ ಅವರ ತಂಡ ಇಲಿಗಳ ಮಿದುಳಿನಲ್ಲಿ ಇದನ್ನು ನೋಡಿದೆ. ಬಹುಮಾನದ ಆಸೆಗೆ ಒಂದೇ ದಾರಿಯಲ್ಲಿ ಓಡಿ ಓಡಿ ಇಲಿಗಳಿಗೆ ಅದು ರೂಢಿಯಾಯಿತು. ಬಹುಮಾನ ನಿಲ್ಲಿಸಿದಾಗ ರೂಢಿಯ ಗುರುತು ಮಿದುಳಿನಲ್ಲಿ ಮಸುಕಾಯಿತು. ಬಹುಮಾನ ಮತ್ತೆ ಇಟ್ಟ ಕೂಡಲೇ ಹಳೇ ಗುರುತು ಹಾಗೇ ಎದ್ದು ಬಂತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಕಲಿತ ಗುಣವೂ ಅಷ್ಟು ಸುಲಭಕ್ಕೆ ಹೋಗುವ ಜಾತಿಯದಲ್ಲ. ಮೊದಲು ಇದನ್ನು ಓದಿದಾಗ ಬೇಸರ ಆಗಿತ್ತು. ಆಮೇಲೆ ಒಂಥರಾ ಸಮಾಧಾನ ಆಯಿತು. ಮತ್ತೆ ಎದ್ದು ಬಂದರೆ 'ಛೇ, ನನ್ನ ಕೈಲಿ ಆಗಲ್ಲ' ಅಂತ ಹೊಸದೊಂದು ಮೆಲುಕು ಶುರು ಮಾಡಬೇಕಾಗಿಲ್ಲ ಅಲ್ವಾ?

ಜಗಳ ಕಮ್ಮಿಯಾದ ಮೇಲೆ ಒಂದು ವಿಚಿತ್ರ ನಡೆಯಿತು. ಯಾರೂ ಇದನ್ನು ಮುಂಚೆ ಹೇಳಿರಲಿಲ್ಲ. ಪಾತ್ರೆ ತೊಳೆಯುವುದು ಬೋರಾಗತೊಡಗಿತು. ಬಿಡು ಅನ್ನುವುದರಿಂದಲೇ ಬಿಡುವು ಬಂದಿದೆ. ಆದರೆ ಸಿಕ್ಕ ಬಿಡುವಿನಲ್ಲಿ ಸುಮ್ನೆ ಇರುವುದು ಎಷ್ಟು ಕಷ್ಟ! 2014ರಲ್ಲಿ ಟಿಮೊಥಿ ವಿಲ್ಸನ್ ಮತ್ತು ಜೊತೆಗಾರರು ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಒಬ್ಬೊಬ್ಬರನ್ನೇ ಕೂರಿಸಿದರು. ಮಾಡಲು ಏನೂ ಇಲ್ಲ. ಒಂದು ಬಟನ್ ಮಾತ್ರ, ಒತ್ತಿದರೆ ಶಾಕ್ ಹೊಡೆಯುತ್ತದೆ. ದುಡ್ಡು ಕೊಟ್ಟಾದರೂ ಈ ಶಾಕ್ ತಪ್ಪಿಸಿಕೊಳ್ಳುತ್ತೇವೆ ಅಂದಿದ್ದವರು ಇವರು. ಆದರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಬಟನ್ ಒತ್ತಿದರು. ಸುಮ್ಮನೆ ಕೂರುವುದಕ್ಕಿಂತ ಶಾಕೇ ವಾಸಿ ಅನ್ನಿಸಿರಬೇಕು. ನನ್ನ 11 ವರ್ಷದ ಜಗಳವೂ ಅಂಥದ್ದೇ ಬಟನ್ ಆಗಿತ್ತೋ ಏನೋ. ನೋಯುತ್ತಿತ್ತು, ಆದರೆ ಹೊತ್ತು ಹೋಗುತ್ತಿತ್ತು.

ಕೆಲವು ವಾರ ಆ ಬೋರನ್ನು ಹಾಗೇ ಸಹಿಸಿಕೊಂಡೆ. ನೀರು ಬಿಸಿಯಾಗಿದೆ, ನೊರೆ ಕೈಗೆ ಹತ್ತುತ್ತದೆ, ಕಿಟಕಿಯ ಆಚೆ ಯಾರೋ ಸೈಕಲ್ ಕಲಿಯುತ್ತಿದ್ದಾರೆ. ಇದರಲ್ಲಿ ಆನಂದ ಉಕ್ಕಿತು ಅಂತ ನಾನು ಹೇಳುವುದಿಲ್ಲ. ಪಾತ್ರೆ ಪಾತ್ರೆಯೇ. ಒಂದು ದಿನ ಮಗಳು ಬಂದು ಪಕ್ಕದಲ್ಲಿ ನಿಂತು, ತೊಳೆದದ್ದನ್ನು ಒರೆಸುತ್ತಾ, ಅವಳ ಕ್ಲಾಸಿನ ಯಾವುದೋ ಹುಡುಗಿಯ ಕತೆ ಹೇಳಿದಳು. ಪೂರ್ತಿ ಕೇಳಿದೆ. ಆ ಹುಡುಗಿಯ ಹೆಸರು, ಅವಳ ತಮ್ಮ, ತಮ್ಮನ ಮುರಿದ ಕೈ, ಎಲ್ಲ ನೆನಪಿದೆ.

ಹೋದ ವಾರ ಮತ್ತೆ ಸಿಕ್ಕಿಬಿದ್ದೆ. ಅದೇ ಸಿಂಕು, ಅದೇ ಬಾಗಿಲು.

"ಅಮ್ಮಾ, ತುಟಿ" ಅಂದಳು.

ನಿಲ್ಲಿಸಿದೆ.

"ಮತ್ತೆ ಅವರೇನಾ? ಹಳೇ ಆಫೀಸಿನವರು?"

"ಇಲ್ಲ ಕಣೇ, ಇವರು ಬೇರೆ. ನಿನ್ನೆಯವರು."

"ಓ" ಅಂತ ಬಟ್ಟೆ ತಗೊಂಡು ಪಕ್ಕಕ್ಕೆ ಬಂದಳು. "ಏನಂದ್ರಂತೆ?"